ಬೀಳುವವರ ನೆಲ

ತರೀಕೆರೆಯ ಬಡಗಿ ಮೇಸ್ತ್ರಿ ಸತ್ತ ಹನ್ನೊಂದನೇ ದಿನ, ಅವರ ಮನೆ ಮುಂದಿನ ಶಾಮಿಯಾನದ ಕೆಳಗೆ ನಾಲ್ಕು ಜನ ನಾಲ್ಕು ಥರ ಒಂದೇ ಮಾತು ಹೇಳಿದರು: ಕೈ ಒರಟು, ಮನಸ್ಸು ಬೆಣ್ಣೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಸಾಮಿಲ್ಲಿನ ಯಜಮಾನರು ಅದನ್ನೇ ಐದನೇ ಸಲ ಹೇಳಿದಾಗ, ಅದಕ್ಕೆ ಆಧಾರ ಏನು ಅಂತ ಕೇಳಿಬಿಟ್ಟೆ. ಸಾವಿನ ಮನೆಯಲ್ಲಿ ಕೇಳುವ ಪ್ರಶ್ನೆಯಲ್ಲ, ಒಪ್ಪುತ್ತೇನೆ. ಆದರೆ ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವುದು ರೂಢಿ, ವಾದವಲ್ಲ. ಹೈಸ್ಕೂಲಿನಿಂದ ಲಾ ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ನಿಂತೂ ನಿಂತೂ ಈ ಎರಡರ ವ್ಯತ್ಯಾಸ ನನಗೆ ಮರೆಯಲು ಬರುವುದಿಲ್ಲ.

ಯಜಮಾನರು ಬಾಯಿ ತೆರೆಯುವ ಮೊದಲೇ, ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತಿದ್ದ ಹೆಂಗಸು ಮಾತಾಡಿದರು. ಅವರು ಮೇಸ್ತ್ರಿಯ ಹೆಂಡತಿ. ಗಂಡನ ಏಟು ತಡೆಯಲಾರದೆ ಕಡೂರಿನ ತವರಿಗೆ ಹೋಗಿ ಆರು ವರ್ಷವಾಗಿತ್ತು. ಈ ಕಾರ್ಯಕ್ಕೆ ಅಂತ ಬಂದಿದ್ದರು.

"ಕೈ ತಾನಾಗೇ ಏಳಲ್ಲ ಕಣಣ್ಣ," ಅಂದರು. "ಮನಸ್ಸು ಎತ್ತಿದ್ರೇನೇ ಕೈ ಏಳೋದು."

ಇಷ್ಟು ಚಿಕ್ಕ ಖಂಡನೆಯನ್ನು ನಾನು ಯಾವ ವೇದಿಕೆಯಲ್ಲೂ ಕೇಳಿಲ್ಲ. ಪಂಕ್ತಿ ಪೂರ್ತಿ ತಲೆ ತಗ್ಗಿಸಿ ಉಂಡಿತು. ಹಾಗಾಗಿ ಇಲ್ಲಿ ಬೆಣ್ಣೆಯ ಮಾತು ಬರುವುದಿಲ್ಲ. ನಾನು ಕಂಡದ್ದಷ್ಟೇ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ಆ ಹೆಂಗಸು ಇನ್ನೂ ಇದೇ ಊರುಗಳ ಬಸ್ಸು ಹತ್ತಬೇಕು. ಬಹುವಚನ ಹಾಕುತ್ತೇನೆ, ಅದು ಅವರ ವಯಸ್ಸಿಗೆ ಸಂದದ್ದು, ಗುಣಕ್ಕೆ ಅಂತ ಯಾರೂ ತಿಳಿಯಬೇಡಿ.

ಸತ್ತದ್ದೂ ಅವರಿಗೆ ತಕ್ಕ ಹಾಗೇ. ಸಾಮಿಲ್ಲಿನ ಅಂಗಳದಲ್ಲಿ ದಿಮ್ಮಿಗಳ ರಾಶಿ ಜಾರಿ ಮೈಮೇಲೆ ಬಂತು. ರಾಶಿ ಜಾರದಂತೆ ಕೊಟ್ಟಿದ್ದ ಬೆಣೆಯನ್ನು ಯಾರ ಮೇಲಿನದೋ ಸಿಟ್ಟಿಗೆ ಅವರೇ ಒದ್ದರಂತೆ. ನೋಡಿದವರು ಮೂವರಿದ್ದಾರೆ, ಮೂವರ ಮಾತೂ ಒಂದೇ.

ನಮಗೆ ಅವರು ಬೇಕಾದದ್ದು ಅಕ್ಕನ ತಲೆಯ ಸಲುವಾಗಿ. ಅಕ್ಕನಿಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ನುಂಗಿದರೂ ತಿಂಗಳಿಗೊಂದು ಸಲವಾದರೂ ನಿಂತಲ್ಲೇ ಮರ ಕಡಿದ ಹಾಗೆ ಬೀಳುತ್ತಾಳೆ. ಅಪ್ಪ ಬೀರೂರಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವರು. ನಿವೃತ್ತರಾಗಿ ಅಜ್ಜಂಪುರದಲ್ಲಿ ಮನೆ ಕಟ್ಟಿಸಿದರು. ಬದುಕೆಲ್ಲ ಹಳಿಯ ಜಲ್ಲಿ ಮೇಲೆ ನಡೆದವರಿಗೆ ನುಣ್ಣನೆ ನೆಲದ ಆಸೆ. ಮುಖ ಕಾಣುವಂಥ ಗ್ರಾನೈಟ್ ಹಾಸಿಸಿದರು. ಹೊಸ ಮನೆಗೆ ಬಂದ ಎಂಟನೇ ದಿನ ಅಕ್ಕ ನಡುಮನೆಯಲ್ಲಿ ಬಿದ್ದಳು. ಹಣೆ ಬಾಯಿ ಬಿಟ್ಟಿತು. ರಕ್ತ ಎರಡು ಚಪ್ಪಡಿಗಳ ನಡುವಿನ ಗೆರೆ ಹಿಡಿದು ಬುದ್ಧನ ಫೋಟೋ ಕೆಳಗಿನವರೆಗೂ ಹೋಯಿತು. ಏಳು ಹೊಲಿಗೆ. ಅಮ್ಮ ಗ್ರಾನೈಟಿನ ಮೇಲೆ ಕಂಬಳಿ ಹಾಸಿದಳು. ಅಕ್ಕ ಕಂಬಳಿಗೆ ಕಾಲು ತೊಡರಿ, ಫಿಟ್ಸ್ ಇಲ್ಲದೆಯೂ ಬಿದ್ದಳು.

ಕೊನೆಗೆ ಅಕ್ಕನ ಕೋಣೆಯ ನೆಲ ಬದಲಿಸುವುದು ಅಂತಾಯಿತು. ಮರವೋ, ವಿನೈಲೋ? ನಾನು ವಿನೈಲಿನ ಪರ. ಅಪ್ಪನಿಗೆ ತೀರ್ಮಾನವಿರಲಿಲ್ಲ. ಅವರ ಜೊತೆ ಕೆಲಸ ಮಾಡಿದ್ದವರೊಬ್ಬರು, ಹಳೇ ಬಂಗಲೆಗಳ ಮರದ ನೆಲ ರಿಪೇರಿ ಮಾಡುವ ಮೇಸ್ತ್ರಿಯೊಬ್ಬ ತರೀಕೆರೆಯಲ್ಲಿದ್ದಾನೆ, ಕೆಲಸ ಒಂದನ್ನು ಬಿಟ್ಟು ಮಿಕ್ಕಿದ್ದೇನೂ ಅವನ ಹತ್ತಿರ ಮಾತಾಡಬೇಡಿ ಅಂದಿದ್ದರು.

ಅಪ್ಪನೂ ನಾನೂ ಹೋದಾಗ ಅಂಗಡಿಯೊಳಗಿಂದ ಒಂದು ಕುರ್ಚಿ ಹಾರಿಬಂದು ರಸ್ತೆಗೆ ಬಿತ್ತು. ಅದರ ಹಿಂದೆಯೇ ಬಾಚಿ ಹಿಡಿದು ಅವರು ಬಂದರು. ನಾಲ್ಕು ಕಾಲಿಗೆ ನಾಲ್ಕೇ ಏಟು. ಕುರ್ಚಿ ಮಾಡಿಸಿದ್ದ ಗಿರಾಕಿ ಹೆಲ್ಮೆಟ್ ತೆಗೆಯದೆ ರಸ್ತೆಯ ಆಚೆ ನಿಂತಿದ್ದ, ಅದು ಬುದ್ಧಿವಂತಿಕೆ. ಹಲಸಿನ ಕುರ್ಚಿಗೆ ತೇಗದ ಬಣ್ಣ ಹೊಡೆದುಕೊಡಿ, ಬೀಗರು ತೇಗ ಅನ್ಕೊಳ್ಳಲಿ ಅಂದಿದ್ದನಂತೆ. ಇಷ್ಟೇ ತಪ್ಪು. ಅಪ್ಪ ಬಸ್‌ಸ್ಟ್ಯಾಂಡಿನ ಕಡೆ ತಿರುಗಿದರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ನನಗೆ ಜಗಳಗಂಟರನ್ನು ಕಂಡರೆ ಮೊದಲಿನಿಂದ ಆಸಕ್ತಿ.

ಮೇಸ್ತ್ರಿಯ ಎಡಗೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು ಸಾಮಿಲ್ಲಿನ ಗರಗಸ ತಿಂದಿತ್ತು. ಆ ಮೂರು ಬೆರಳನ್ನು ಹಲಗೆಯ ಮೇಲೆ ಆಡಿಸುವಾಗ ಮಾತ್ರ ಆ ಮನುಷ್ಯ ಮೆತ್ತಗೆ ಕಾಣುತ್ತಿದ್ದರು. ಇದನ್ನೂ ಆಧಾರವಾಗಿ ಕೊಡುವವರಿದ್ದಾರೆ. ಹಲಗೆ ತಿರುಗಿ ಮಾತಾಡುವುದಿಲ್ಲ, ಅದಕ್ಕೆ ಅಂತ ನನ್ನ ಉತ್ತರ.

ಅಜ್ಜಂಪುರಕ್ಕೆ ಬಂದವರು ಕೋಣೆಯ ಅಳತೆ ತೆಗೆಯಲಿಲ್ಲ. ಗ್ರಾನೈಟಿನ ಮೇಲೊಮ್ಮೆ ಉಗುಳಿ, ಅಪ್ಪನ ಮುಖ ನೋಡಿ, ತಾವೇ ಚಪ್ಪಲಿಯಲ್ಲಿ ಒರೆಸಿದರು. ಆಮೇಲೆ ನಮ್ಮನ್ನೆಲ್ಲ ಬಿಟ್ಟು ಅಕ್ಕನನ್ನು ಕೇಳಿದರು.

"ಯಾವ ಕಡೀಕೆ ಬೀಳ್ತೀಯವ್ವ ನೀನು?"

ಎಡಕ್ಕೆ ಅಂದಳು ಅಕ್ಕ. ಯಾವಾಗಲೂ ಎಡಕ್ಕೇ. ಇಪ್ಪತ್ತೆರಡು ವರ್ಷ ಒಂದೇ ಚಾಪೆಯ ಮೇಲೆ ಅವಳ ಪಕ್ಕ ಮಲಗಿದವಳು ನಾನು, ನನಗದು ಗೊತ್ತಿರಲಿಲ್ಲ. ಡಾಕ್ಟರೂ ಕೇಳಿರಲಿಲ್ಲ. ಬೀಳುವ ಮೊದಲು ಎಲ್ಲಿ ನಿಂತಿರ್ತೀಯ, ಕಿಟಕಿ ಹತ್ತಿರವೋ ಮಂಚದ ಹತ್ತಿರವೋ, ಕೈ ಮುಂದೆ ಬರುತ್ತೋ ಇಲ್ಲವೋ ಅಂತೆಲ್ಲ ಅವರು ಕೇಳುತ್ತ ಹೋದರು. ಅಕ್ಕ ಎದ್ದು ನಿಂತು, ಬೀಳುವ ಜಾಗ ತೋರಿಸಿದಳು, ದಾರಿ ತೋರಿಸಿದ ಹಾಗೆ. ಹಂಗಾದ್ರೆ ಹಲಗೆ ಅಡ್ಡಕ್ಕೆ ಬರಬೇಕು, ಕಿಟಕಿ ಕಡೆ ಒತ್ತಾಗಿ ತೊಲೆ ಬೇಡ ಅಂತ ಮೇಸ್ತ್ರಿ ಗೋಡೆಗೆ ಹೇಳಿದರು.

ನಾನು ಬೀರೂರಿನ ಅಂಗಡಿಯಿಂದ ತಂದಿದ್ದ ವಿನೈಲಿನ ತುಂಡು ತೋರಿಸಿದೆ. ಮರದ ಗೆರೆ, ಗಂಟು ಎಲ್ಲ ಅಚ್ಚು ಹೊಡೆದದ್ದು. ಅವರದನ್ನು ಬೆಳಕಿಗೆ ಹಿಡಿದು, ಮೂಸಿ, ಹಲ್ಲಿನಲ್ಲಿ ಕಚ್ಚಿ ಹರಿದರು. ಸುಳ್ಳು ಅಂದರು. ಆವತ್ತಿನಿಂದ ಅವರ ಬಾಯಲ್ಲಿ ವಿನೈಲಿಗೆ ಅದೇ ಹೆಸರು. ಸುಳ್ಳು ಹಾಸ್ತೀರೋ, ನೆಲ ಹಾಸ್ತೀರೋ?

ಎರಡನೇ ಸಲ ಮೂರು ತೆಂಗಿನಕಾಯಿ, ಒಂದಿಷ್ಟು ಹಲಗೆ ಹೊತ್ತುಕೊಂಡು ಬಂದರು. ಕಾಯಿ ಕಂಡು ಅಮ್ಮನ ಮುಖದ ಬಣ್ಣ ಹೋಯಿತು. ಅಪ್ಪ ಧಮ್ಮದೀಕ್ಷೆ ತಗೊಂಡವರು, ಮನೆಯಲ್ಲಿ ಹರಕೆ ಗಿರಕೆ ಕೂಡದು. ಅಮ್ಮ ಮಾತ್ರ ಅಕ್ಕನ ಹೆಸರಲ್ಲಿ ಅಮಾವಾಸ್ಯೆಗೊಂದು ಸಲ ಸಂತೆಯ ನೆವ ಮಾಡಿ ಹೋಗಿ, ಗುಡಿಯ ಮುಂದಿನ ಕಲ್ಲಿಗೆ ಈಡುಗಾಯಿ ಬೀಸಿ ಒಡೆದು ಬರುತ್ತಿದ್ದಳು. ಗುಟ್ಟು ರಟ್ಟಾಯಿತು ಅಂದುಕೊಂಡು ಒಳಗೆ ಸರಿದಳು. ಮೇಸ್ತ್ರಿಗೆ ದೇವರ ಯೋಚನೆಯೇ ಇರಲಿಲ್ಲ. ಒಂದು ಕಾಯನ್ನು ತಲೆಯ ಮಟ್ಟಕ್ಕೆ ಎತ್ತಿ, ಇದು ನಿನ್ ತಲೆ ಅನ್ಕೋ ಕಣವ್ವಾ ಅಂತ ಅಕ್ಕನಿಗೆ ಹೇಳಿ ಬಿಟ್ಟರು. ಗ್ರಾನೈಟಿನ ಮೇಲೆ ಕಾಯಿ ಮೂರು ಹೋಳಾಯಿತು. ಎರಡನೆಯದನ್ನು ಗ್ರಾನೈಟಿನ ಮೇಲೆ ಹಾಸಿದ ವಿನೈಲ್ ತುಂಡಿನ ಮೇಲೆ ಬಿಟ್ಟರು. ಅದು ಸೀಳಿ, ನೀರು ಸೋರಿತು. ಮೂರನೆಯದನ್ನು ಎರಡು ಪಟ್ಟಿಗಳ ಮೇಲೆ ಎತ್ತಿ ಕೂರಿಸಿದ ಹಲಗೆಯ ಮೇಲೆ ಬಿಟ್ಟರು. ಅದು ಪುಟಿದು ನನ್ನ ಮೊಣಕಾಲಿನ ಚಿಪ್ಪಿಗೆ ಬಡಿಯಿತು. ಅಕ್ಕ ನಕ್ಕಳು. ಏಳು ಹೊಲಿಗೆ ಬಿದ್ದ ಮೇಲೆ ಅದೇ ಮೊದಲು.

ತೆಂಗಿನಕಾಯಿ ತಲೆಯಲ್ಲ ಅಂತ ನಾನು ಎದ್ದೆ. ಮೂರು ಕಾಯಿಯಿಂದ ಏನೂ ಸಾಬೀತಾಗುವುದಿಲ್ಲ, ಚಿಪ್ಪು ಎಲ್ಲಿ ತಗಲಿತು ಅನ್ನುವುದರ ಮೇಲೆ ನಿಂತಿದೆ, ವಿನೈಲ್‌ನಲ್ಲೂ ದಪ್ಪದ್ದಿದೆ. ನಾನಿನ್ನೂ ಮೊದಲ ಅಂಶದಲ್ಲಿದ್ದೆ. ಅವರು ಮಂಡಿಯೂರಿ, ಹಣೆಯನ್ನು ಹಲಗೆಗೆ ಚಚ್ಚಿದರು. ಒಂದು, ಎರಡು, ಮೂರು. ಎದ್ದು ನಮ್ಮನ್ನು ನೋಡಿದರು; ಹಣೆ ಕೆಂಪಾಗಿತ್ತು, ಅಷ್ಟೇ. ಆಮೇಲೆ ಪಕ್ಕಕ್ಕೆ ಸರಿದು, ಅಪ್ಪ ಹಿಡಿಯುವಷ್ಟರಲ್ಲಿ, ಅದೇ ಹಣೆಯನ್ನು ಅದೇ ಬಿರುಸಿನಲ್ಲಿ ಗ್ರಾನೈಟಿಗೆ ಹೊಡೆದರು. ಆ ಸದ್ದು ನನ್ನ ಹಲ್ಲಿಗೆ ಕೇಳಿಸಿತು. ಹುಬ್ಬಿನ ಮೇಲಿಂದ ರಕ್ತ ಮೂಗಿಗಿಳಿಯಿತು.

"ಇದು ತಲೆ ತಾನೆ, ಲಾಯರಮ್ಮ?" ಅಂದರು. "ಈಗ ಹೇಳು."

ನನಗೆ ಹೇಳಲು ಇನ್ನೊಂದು ಅಂಶವಿತ್ತು. ಕೊನೆಗೆ ಅಂತ ಇಟ್ಟುಕೊಂಡಿದ್ದೆ, ಗಟ್ಟಿ ಅಂಶವನ್ನು ಕೊನೆಗೇ ಇಡಬೇಕು. ಹೇಳಿದೆ. ಫಿಟ್ಸ್ ಬಂದಾಗ ಅಕ್ಕ ಒದ್ದೆ ಮಾಡಿಕೊಳ್ಳುತ್ತಾಳೆ. ಮರ ಅದನ್ನು ಕುಡಿಯುತ್ತದೆ, ವರ್ಷ ಕಳೆದರೆ ಕೋಣೆ ನಾರುತ್ತದೆ. ವಿನೈಲ್ ಆದರೆ ಬಟ್ಟೆ ಆಡಿಸಿದರೆ ಮುಗಿಯಿತು. ಇದಕ್ಕೆ ನಿಮ್ಮ ಉತ್ತರ ಏನು?

ಅಕ್ಕ ಅಲ್ಲೇ ನಿಂತಿದ್ದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಮೇಸ್ತ್ರಿಯ ಕೈ ಎದ್ದಿತು, ನಿಜವಾಗಿ, ನನ್ನ ಕೆನ್ನೆಯ ಎತ್ತರಕ್ಕೆ. ಅಪ್ಪ ನಡುವೆ ಬಂದು ಮಣಿಕಟ್ಟು ಹಿಡಿದರು. ಹಳಿ ಎತ್ತಿದ ಕೈ ಅಪ್ಪನದು, ಬಿಡಲಿಲ್ಲ.

"ನಾನು ಕೈಯಾಗೆ ಹೊಡೀತೀನಿ ಅಂತ ಊರಿಗೇ ಗೊತ್ತು," ಅಂದರು ಮೇಸ್ತ್ರಿ. "ನೀನು ಬಾಯಾಗೆ ಹೊಡೀತೀಯ. ನಿಂಗೆ ಚಪ್ಪಾಳೆ ಬೀಳ್ತದೆ."

ಹಲಗೆ ಹೆಗಲಿಗೇರಿಸಿಕೊಂಡು ಹೋದರು. ವಿಷಯ ಬಿಟ್ಟು ವ್ಯಕ್ತಿಯ ಮೇಲೆ ಬಿದ್ದವನು ಸೋತವನು, ಅಂಕ ನನ್ನದು ಅಂತ ನಾನು ಆವತ್ತು ಲೆಕ್ಕ ಹಾಕಿದ್ದು ಸುಳ್ಳಲ್ಲ. ಅಪ್ಪನೂ ನನ್ನ ವಾದ ಒಪ್ಪಿದರು. ಒಳ್ಳೆಯ ದಪ್ಪದ ವಿನೈಲ್ ತರಿಸಿ ಅಕ್ಕನ ಕೋಣೆಯ ಗ್ರಾನೈಟಿನ ಮೇಲೆ ಅಂಟಿಸಿದರು.

ಅಕ್ಕ ಆ ನೆಲದ ಮೇಲೆ ಮೂರು ಸಲ ಬಿದ್ದಳು. ಎರಡು ಸಲ ಏನೂ ಆಗಲಿಲ್ಲ. ನಾನು ಗೆದ್ದವಳ ಹಾಗೆ ಅಪ್ಪನ ಮುಖ ನೋಡಿದೆ. ಮೂರನೇ ಸಲ ಕಿಟಕಿಯ ಹತ್ತಿರ, ಎಡಕ್ಕೆ, ಕೈ ಮುಂದೆ ಬಾರದೆ ಬಿದ್ದಳು. ಕೈಕಾಲು ಬಡಿತ ನಿಂತ ಮೇಲೂ ಏಳಲಿಲ್ಲ. ಎಡಗಿವಿಯಿಂದ ರಕ್ತ ಬಂತು, ನೀರಿನಂಥದ್ದೂ ಬಂತು. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ಕಿವಿಯ ಹಿಂದಿನ ಎಲುಬು ಬಿರುಕು ಬಿಟ್ಟಿದೆ ಅಂದರು. ಹತ್ತೊಂಬತ್ತು ದಿನ ಆಸ್ಪತ್ರೆ. ಜೀವ ಉಳಿಯಿತು, ಎಡಗಿವಿ ಹೋಯಿತು, ಪೂರ್ತಿ. ಇತ್ತ ಮನೆಯಲ್ಲಿ ನಾನು ಕೋಣೆ ಒರೆಸಿದೆ. ಬಟ್ಟೆ ಆಡಿಸಿದ್ದಷ್ಟೇ, ಎರಡು ನಿಮಿಷ, ಕಲೆಯಿಲ್ಲ, ವಾಸನೆಯಿಲ್ಲ. ನನ್ನ ಕೊನೆಯ ಅಂಶ ಸರಿಯಾಗಿಯೇ ಇತ್ತು.

ಅಕ್ಕ ಆಸ್ಪತ್ರೆಯಿಂದ ಬಂದ ನಾಲ್ಕನೇ ದಿನ ಬೆಳಿಗ್ಗೆ ಮೇಸ್ತ್ರಿ ಬಂದರು. ಸುದ್ದಿ ಹೇಗೆ ಮುಟ್ಟಿತೋ, ಯಾರೂ ಕರೆದಿರಲಿಲ್ಲ. ಹೆಗಲ ಮೇಲೆ ಹಾರೆ, ಕೈಯಲ್ಲಿ ಸಮ್ಮಟಿಗೆ. ಅಪ್ಪನಿಗೆ ನಮಸ್ಕಾರವಿಲ್ಲ, ನನ್ನ ಕಡೆ ನೋಟವಿಲ್ಲ. ಕೋಣೆಗೆ ಹೋಗಿ ವಿನೈಲಿಗೆ ಹಾರೆಯ ತುದಿ ಹಾಕಿ ಚರ್ಮ ಸುಲಿದ ಹಾಗೆ ಸುಲಿದರು. ಅದರ ಕೆಳಗಿನ ಗ್ರಾನೈಟಿಗೆ ಸಮ್ಮಟಿಗೆ ಬಿತ್ತು. ಹಲಗೆ ಕೂರಿಸಿದರೆ ಕೋಣೆ ಹೊಸ್ತಿಲಿಗಿಂತ ಎತ್ತರವಾಗಿ ಅವಳು ಎಡವುತ್ತಾಳೆ, ಅದಕ್ಕೆ ಅಗೆಯಲೇಬೇಕು ಅಂತ ಅಪ್ಪನಿಗೆ ಆಮೇಲೆ ಹೇಳಿದರಂತೆ. ಆಗ ಒಡೆದದ್ದಷ್ಟೇ. ಕಲ್ಲಿನ ಚೂರು ಕಿಟಕಿಯ ಗಾಜಿಗೆ ಬಡಿದು ಗಾಜು ಬಿತ್ತು. ಗೋಡೆ ನಡುಗಿ ಅಡಿಗೆಮನೆಯ ಸ್ಟೀಲ್ ಡಬ್ಬಿ ಉರುಳಿದವು. ಅಕ್ಕಪಕ್ಕದವರು ಜಗಳ ಅಂದುಕೊಂಡು ಓಡಿಬಂದರು. ತಮ್ಮ ಗ್ರಾನೈಟು ಪುಡಿಯಾಗುವುದನ್ನು ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನೋಡಿದರು. ಬೇಡ ಅನ್ನಲಿಲ್ಲ.

ಆರು ದಿನದ ಕೆಲಸ. ಅಡಿಯಲ್ಲಿ ಲಾರಿ ಟೈರಿನ ತುಂಡು, ಅದರ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಹೊನ್ನೆಯ ಹಲಗೆ. ಒಂದು ಮೊಳೆಯ ತಲೆಯೂ ಮೇಲೆ ಕಾಣಬಾರದು. ಸಹಾಯಕ್ಕೆ ಬಂದಿದ್ದ ಆಳೊಬ್ಬ ಒಂದನ್ನು ಎತ್ತರಕ್ಕೆ ಬಿಟ್ಟ ಅಂತ ಅವನ ಕುತ್ತಿಗೆ ಹಿಡಿದು, ಆ ಮೊಳೆಯ ಮೇಲೆ ಅವನ ಕೆನ್ನೆ ಒತ್ತಿದರು. ಚುಚ್ಚುತ್ತಾ? ಚುಚ್ಚುತ್ತಾ? ಆತ ಮಧ್ಯಾಹ್ನದ ಬಸ್ಸಿಗೇ ಹೋದ, ಮತ್ತೆ ಬರಲಿಲ್ಲ. ಕೊನೆಯ ದಿನ ಅಕ್ಕನನ್ನು ಕರೆದು, ಹಲಗೆಗಳ ಮೇಲೆ ಮಲಗಲು ಹೇಳಿದರು. ಅವಳು ಬಲಗಿವಿ ನೆಲಕ್ಕೆ ಕೊಟ್ಟು ಮಲಗಿದಳು. ಮೇಸ್ತ್ರಿ ಮರದ ಕೊಡತಿಯಿಂದ ಒಂದೊಂದೇ ಜಾಗ ತಟ್ಟುತ್ತ ಹೋದರು. ಇಲ್ಲಿ ಗಟ್ಟಿ ಅಂತ ಅವಳು ಬೆರಳು ತೋರಿಸಿದಲ್ಲಿ ಹಲಗೆ ಎಬ್ಬಿಸಿ ಸಡಿಲ ಮಾಡಿದರು. ಎರಡು ಗಂಟೆ ಇಬ್ಬರೂ ಹಾಗೇ ಇದ್ದರು. ನಾನು ಚಹಾ ತಂದಿಟ್ಟದ್ದು ಆರಿತು.

ನೆಲ ಚೆನ್ನಾಗಿತ್ತು. ಹೊನ್ನೆಯ ಕೆಂಪು ಎಣ್ಣೆ ಕುಡಿದು ಬೆಳಗುತ್ತಿತ್ತು. ಮೇಸ್ತ್ರಿ ಹೊಸ್ತಿಲಲ್ಲಿ ನಿಂತು, ಮೂರು ಬೆರಳಿನಿಂದ ಮೀಸೆ ಒರೆಸಿಕೊಂಡು, ಹೆಂಗೈತವ್ವ ಅಂದರು.

"ಚೆನ್ನಾಗಿದೆ," ಅಂದಳು ಅಕ್ಕ. "ಮೇಲೆ ಆ ವಿನೈಲ್ ಹಾಕ್ಕೊಡಿ ಮೇಸ್ತ್ರಿ."

ಅವರ ಬಲಗೈಯಲ್ಲಿ ಇನ್ನೂ ಕೊಡತಿ ಇತ್ತು. ಅಪ್ಪ ಎರಡು ಹೆಜ್ಜೆ ಮುಂದೆ ಬಂದರು.

"ನಂಗೆ ಎಚ್ಚರ ಆಗೋದೇ ಒದ್ದೇಲಿ," ಅಂದಳು. ಅವಳು ಇದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಅಮ್ಮ ಬರೋದ್ರೊಳಗೆ ನಾನೇ ಒರೆಸ್ಕೋಬೇಕು. ಕಲೆ ಉಳಿದ್ರೆ ದಿನಾ ನೋಡ್ಬೇಕು ನಾನು."

ಕೊಡತಿ ಹಾರಿತು. ಅಕ್ಕನ ಕಡೆಗಲ್ಲ, ಗೋಡೆಗೆ. ಗಾರೆ ಕಿತ್ತು ಇಟ್ಟಿಗೆ ಕಂಡಿತು. ಮೇಸ್ತ್ರಿ ಚಪ್ಪಲಿ ಮೆಟ್ಟದೆ ಸ್ಟೇಷನ್ನಿನ ಕಡೆ ನಡೆದರು. ಮುಗೀತು ಅಂದರು ಅಪ್ಪ. ನಾವಿಬ್ಬರೂ, ಅಂದರೆ ಮರದ ವಕೀಲರೂ ವಿನೈಲಿನ ವಕೀಲೆಯೂ, ಇಷ್ಟು ದಿನ ಬಡಿದಾಡಿದ್ದು ಯಾರ ನೆಲದ ಬಗ್ಗೆ ಅಂತ ನನಗೆ ಆಗ ಹೊಳೆಯಿತು. ಬಿದ್ದಾಗ ಏನು ಬೇಕು ಅಂತ ಅವರು ಕೇಳಿದ್ದರು. ಎದ್ದಾಗ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬರಿಗಾಲಲ್ಲೇ ವಾಪಸು ಬಂದರು, ಹೆಗಲ ಮೇಲೆ ವಿನೈಲಿನ ಸುರುಳಿ. ಬೀರೂರಿನ ಅದೇ ಅಂಗಡಿಯದು. ಆ ಅಂಗಡಿಯವನಿಗೂ ಇವರಿಗೂ ಹಿಂದೊಮ್ಮೆ ಕೈಕೈ ಹತ್ತಿ ಶೋಕೇಸಿನ ಗಾಜು ಒಡೆದಿತ್ತು ಅನ್ನುವುದು ಬೀರೂರಿಗೆಲ್ಲ ಗೊತ್ತಿದ್ದ ಕಥೆ. ಅಲ್ಲಿಗೆ ಹೋಗಿ ಏನು ಹೇಳಿ ತಂದರೋ ಕೇಳುವ ಧೈರ್ಯ ನಮಗಿರಲಿಲ್ಲ. ತುಟಿ ಒಡೆದಿತ್ತು. ಸಂಜೆಯವರೆಗೆ ನೆಲದ ಮೇಲೆ ತೆವಳಿ, ಒಂದು ಗುಳ್ಳೆ ಉಳಿಯದಂತೆ ಅಂಗೈಯಿಂದ ಒತ್ತಿ ಒತ್ತಿ ಹಾಸಿದರು. ಗೋಡೆಯ ಅಂಚಿಗೆ ಸರಿಯಾಗಿ ಉಳಿಯಿಂದ ಕತ್ತರಿಸಿದರು, ಒಂದು ಹನಿ ಒಳಗಿಳಿಯಬಾರದು. ಅವರ ಹೊನ್ನೆ ಪೂರ್ತಿ ಮುಚ್ಚಿಹೋಯಿತು. ಮೇಲೆ ಅಚ್ಚಿನ ಮರ.

"ನನ್ ಕೈಯಿಂದ ಸುಳ್ಳು ಹೇಳಿಸ್ದೆ ಕಣವ್ವಾ," ಅಂದರು ಅಕ್ಕನಿಗೆ. ಅಕ್ಕ ನಕ್ಕಳು. ಅವರು ನಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಶಾಮಿಯಾನದವರ ಮಾತೇ ಗೆಲ್ಲುತ್ತದೆ. ಆದ್ದರಿಂದ ಇದನ್ನೂ ಬರೆಯಬೇಕು. ಆವತ್ತು ಸಂಜೆ ನಮ್ಮ ಮನೆಯಿಂದ ಹೊರಟವರು ತರೀಕೆರೆಗೆ ಹೋಗಲಿಲ್ಲ, ಕಡೂರಿಗೆ ಹೋದರು, ಹೆಂಡತಿಯನ್ನು ಕರೆತರಲು. ಆಕೆ ಬರಲ್ಲ ಅಂದರು. ಮೇಸ್ತ್ರಿ ಬಾಗಿಲು ಒದ್ದು, ತಡೆಯಲು ಬಂದ ಅತ್ತೆಯನ್ನು ತಳ್ಳಿ, ಹೆಂಡತಿಯನ್ನು ಅಂಗಳಕ್ಕೆ ಎಳೆದರು. ಚಪ್ಪಡಿಯ ಮೇಲೆ ಬಿದ್ದು ಆಕೆಯ ಮುಂಗೈ ಮುರಿಯಿತು. ಗುಳ್ಳೆ ಒತ್ತಿದ ಕೈ ಅದೇ, ಅದೂ ಅದೇ ದಿನ. ಒಂದು ಸಾಕ್ಷಿಯನ್ನು ಇನ್ನೊಂದರಿಂದ ಅಳಿಸಲು ನನಗೆ ಬರುವುದಿಲ್ಲ. ಎರಡನ್ನೂ ಕೂಡಿಸಿ ಒಬ್ಬ ಮನುಷ್ಯನನ್ನು ಮಾಡಲೂ ಬರುವುದಿಲ್ಲ. ಅಕ್ಕನನ್ನು ಕೇಳಿದರೆ, ಅವರು ನಂಗೆ ಒಳ್ಳೆಯವರಾಗಿದ್ರು, ನಂಗೆ ಅಷ್ಟೇ ಗೊತ್ತು ಅನ್ನುತ್ತಾಳೆ. ಅವಳು ಆ ನೆಲದ ಮೇಲೆ ಎರಡು ವರ್ಷದಿಂದ ಬೀಳುತ್ತಿದ್ದಾಳೆ. ದೊಪ್ಪನೆ ಸದ್ದು, ಆಮೇಲೆ ಒಳಗಿನಿಂದ ಚಿಲಕ, ಬಕೆಟ್ಟಿನ ಸದ್ದು. ಒಂದು ಹೊಲಿಗೆಯೂ ಬಿದ್ದಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಆ ಹೆಂಗಸು ನಮ್ಮ ಮನೆಗೆ ಬಂದರು. ನಿಮ್ಮನೇಲಿ ಅವರು ಮಾಡಿದ ನೆಲ ಐತಂತಲ್ಲ, ನೋಡಾನ ಅಂತ ಬಂದೆ ಅಂದರು. ಅಮ್ಮ ನೀರು ಬೆಲ್ಲ ಕೊಟ್ಟಳು. ಅಕ್ಕನೇ ಕೈಹಿಡಿದು ಕೋಣೆಗೆ ಕರೆದುಕೊಂಡು ಹೋದಳು, ಟೈರಿನ ತುಂಡು, ತೊಲೆ, ಕಿಟಕಿಯ ಕಡೆ ಬಿಟ್ಟ ಸಡಿಲ ಎಲ್ಲವನ್ನೂ ವಿವರಿಸಿದಳು, ತಾನೇ ಮಾಡಿದಷ್ಟು ಹೆಮ್ಮೆಯಿಂದ. ಬಿದ್ದರೆ ಒಂಚೂರೂ ಏಟಾಗಲ್ಲ ಅಂದಳು. ಅವರು ಕೋಣೆಯ ನಡುವೆ ನಿಂತು ಹಿಮ್ಮಡಿ ಊರಿದರು. ನೆಲ ಒಂದು ನೂಲಿನಷ್ಟು ಬಗ್ಗಿ ಮತ್ತೆ ಎದ್ದಿತು. ಇನ್ನೊಂದು ಸಲ ಊರಿ ನೋಡಿದರು. ಮುರಿದು ಕೂಡಿದ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಕ್ಕ ಅವರ ಬಲಕ್ಕೆ ನಿಂತಿದ್ದಳು, ಅವಳ ಕೇಳಿಸದ ಕಿವಿ ಅವರ ಕಡೆಗಿತ್ತು.

"ಬಿದ್ದೋರಿಗೆ ಏಟಾಗ್ತದೆ ಅಂತ ಅವ್ನಿಗೆ ಗೊತ್ತಿತ್ತು ಹಂಗಾದ್ರೆ," ಅಂದರು, ಸಣ್ಣ ದನಿಯಲ್ಲಿ.

ಅಕ್ಕ ನನ್ನ ಕಡೆ ತಿರುಗಿ, ಏನಂದ್ರು ಅಂತ ಕೇಳಿದಳು. ಅವಳು ಮತ್ತೆ ಕೇಳಿದಳು. ಆ ಮಾತನ್ನು ನಾನು ಆ ಹೆಂಗಸಿನ ಎದುರಿಗೇ, ಅಕ್ಕನಿಗೆ ಕೇಳಿಸುವಷ್ಟು ಜೋರಾಗಿ, ಇನ್ನೊಂದು ಸಲ ಹೇಳಬೇಕಾಯಿತು.